ಮೊಣಕೈ ಮಡಿಸಿದವನು

—ಯಾರೂ ಇಲ್ಲ ಎಂದೆನೋ, ಬೇರೆ ಯಾರೂ ಇಲ್ಲ ಎಂದೆನೋ, ಅದೊಂದು ಸರಿಯಾಗಿ ನೆನಪಿಲ್ಲ. ಶಿಬಿರದಿಂದ ಫೋನು ಬಂದಾಗ ಶಾಲೆಯ ಸ್ಟಾಫ್ ರೂಮಿನಲ್ಲಿದ್ದೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದು ಗುಬ್ಬಿ ಬಸ್‌ಸ್ಟ್ಯಾಂಡು ಇರಬೇಕು ಅನ್ನಿಸುತ್ತದೆ; ಒಂದು ಕಿವಿ ಮುಚ್ಚಿಕೊಂಡು ಮಾತಾಡಿದ ಹಾಗೆ ನೆನಪು. ಎಲ್ಲಿದ್ದರೇನು. ಸುಳ್ಳು ಹೇಳಿದವನು ನಾನು. ನೀನು ಇದ್ದೆ, ನಯಾಜ್ — ತುಮಕೂರಿನ ಮರಳೂರಿನಲ್ಲಿ, ನನ್ನ ಮನೆಯಿಂದ ನಾಲ್ಕು ರಸ್ತೆ ಆಚೆ. ಅಂಥವನು ಯಾರೂ ಇಲ್ಲ ಎಂದು ನಾನು ಹೇಳಿದೆ.

ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದು ಅರ್ಧ.

ಆ ವರ್ಷ ಬೇಸ್‌ಬಾಲ್ ಸೀಸನ್ನಿಗೆ ಮುಂಚೆ ರಾಜ್ಯ ತಂಡದ ತರಬೇತಿ ಶಿಬಿರಕ್ಕೆ ನಮ್ಮ ಜಿಲ್ಲೆಯಿಂದ ಒಬ್ಬ ಪಿಚರನ್ನು ಕಳಿಸಿ ಎಂದು ಪತ್ರ ಬಂತು. ಪಿಚರ್ ಅಂದರೆ ಬ್ಯಾಟಿನವನ ಕಡೆಗೆ ಚೆಂಡು ಎಸೆಯುವವನು. ನಮಗೆ ಗೊತ್ತಿದ್ದದ್ದೂ ಅಷ್ಟೇ. ಆರಿಸಲು ಕೂತವರು ಮೂವರು ಪಿ.ಟಿ. ಮೇಷ್ಟ್ರುಗಳು. ಕುಣಿಗಲ್ಲಿನ ರಂಗಸ್ವಾಮಿ ಹಿರಿಯರು. ತುಮಕೂರಿನ ಇನ್ನೊಬ್ಬರು ಇಡೀ ಬೆಳಿಗ್ಗೆ ಫೋನಿನಲ್ಲಿ ಸೈಟಿನ ವ್ಯವಹಾರ ಮಾತಾಡುತ್ತಿದ್ದರು. ಮೂರನೆಯವನು ಗುಬ್ಬಿ ಶಾಲೆಯ ನಾನು. ಮೂವರೂ ಕ್ರಿಕೆಟ್ ಆಡಿದವರು — ಆಡಿ ಎಲ್ಲಿಗೂ ಮುಟ್ಟದವರು. ಬೇಸ್‌ಬಾಲನ್ನು ನಾವು ಸರ್ಟಿಫಿಕೇಟ್ ಆಟ ಎಂದು ಕರೆಯುತ್ತಿದ್ದೆವು. ಆಡುವವರಿಗಿಂತ ಸರ್ಟಿಫಿಕೇಟ್ ತೆಗೆದುಕೊಳ್ಳುವವರು ಹೆಚ್ಚು ಎಂದು ನಗುತ್ತಿದ್ದೆವು. ಕೊಡುವವರು ನಾವೇ ಎಂಬುದಕ್ಕೆ ನಗಲಿಲ್ಲ.

ಇದ್ದದ್ದು ಮೂರು ಚೆಂಡು. ಹಿಡಿಯಲು ಒಬ್ಬ ವಿಕೆಟ್ ಕೀಪರನನ್ನು ಅವನ ಪ್ಯಾಡು ಗ್ಲೌಸುಗಳ ಸಮೇತ ಕೂರಿಸಿದ್ದೆವು. ಬಂದವರು ಆರೋ ಏಳೋ. ನೆನಪಿನಲ್ಲಿ ಉಳಿದವರು ಇಬ್ಬರು. ಸಿ.ಎಸ್. ಪುರದ ಗಿರೀಶ, ನನ್ನದೇ ಶಿಷ್ಯ. ಕ್ರಿಕೆಟ್ಟಿನಲ್ಲಿ ಒಳ್ಳೆಯ ಮೀಡಿಯಂ ಪೇಸರ್, ಹೇಳಿದಂತೆ ಕೇಳುವವನು. ಇನ್ನೊಬ್ಬ ನೀನು. ಸತ್ಯಮಂಗಲದ ಪೈಪ್ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದೆ. ಎಲ್ಲಿ ಕಲಿತೆ ಎಂದು ಕೇಳಿದರೆ ಫೋನಿನಲ್ಲಿ ವಿಡಿಯೊ ನೋಡಿ ಕಲಿತೆ ಎಂದೆ. ನಿಮ್ಮ ಅಬ್ಬಾ ಹಾಸಿಗೆ ಹೊಲಿಯುವವರು. ಹಳೆಯ ಹಾಸಿಗೆಯೊಂದಕ್ಕೆ ಕೆಂಪು ದಾರದಲ್ಲಿ ಚೌಕ ಹೊಲಿಸಿ, ಗೋಡೆಗೆ ಒರಗಿಸಿ, ದಿನಾ ಅದರೊಳಗೆ ಎಸೆಯುತ್ತೀನಿ ಎಂದೆ.

"ಹಾಸಿಗೆ ಮೇಲೆ ಪ್ರಾಕ್ಟೀಸ್ ಮಾಡವ್ನಂತೆ ಕಣ್ರಯ್ಯ," ಎಂದರು ರಂಗಸ್ವಾಮಿ. "ಮದ್ವೆ ಆಗಿದ್ಯೇನ್ಲಾ?"

ನಾವು ನಕ್ಕೆವು. ನೀನೂ ನಕ್ಕೆ — ನಗದೆ ಬೇರೆ ದಾರಿಯೇನಿತ್ತು.

ನೀನು ಎಸೆದೆ. ಎರಡನೆಯ ಚೆಂಡಿಗೆ ಕೀಪರ್ ಗ್ಲೌಸು ಬಿಚ್ಚಿ ಕೈ ಒದರಿಕೊಂಡ. ಇದು ನಡೆದದ್ದೋ, ಆಮೇಲೆ ನಿನ್ನ ಪರವಾಗಿ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ. "ಇವ್ನು ಚಕ್ ಮಾಡ್ತಾನೆ, ಮೊಣಕೈ ನೋಡ್ರಿ" ಎಂದದ್ದು ರಂಗಸ್ವಾಮಿ ಎಂದು ನಾನು ಮನೆಯಲ್ಲಿ ಹೇಳುತ್ತಾ ಬಂದಿದ್ದೇನೆ. ಅದೂ ನನ್ನದೇ ಮಾತಿರಬಹುದು. ಆಯ್ಕೆಯ ಹಾಳೆಯ ಮೇಲಿನ ಅಕ್ಷರವಂತೂ ನನ್ನದು: ವೇಗ ಇದೆ. ಕೈ ಮಡಿಸುತ್ತಾನೆ. ಬೇಡ.

ಕ್ರಿಕೆಟ್ಟಿನಲ್ಲಿ ಮೊಣಕೈ ಮಡಿಸಿ ಎಸೆದರೆ ನೋ ಬಾಲ್, ಕಳಂಕ. ಅಷ್ಟಕ್ಕೇ ಎಷ್ಟೋ ಜನ ಆಟ ಬಿಟ್ಟಿದ್ದಾರೆ. ಬೇಸ್‌ಬಾಲಿನಲ್ಲಿ ಅಂಥ ತಪ್ಪೇ ಇಲ್ಲ. ಅಲ್ಲಿ ಎಸೆಯುವುದೇ ಕೆಲಸ, ಮಡಿಸದೆ ಎಸೆಯಲು ಬರುವುದಿಲ್ಲ. ಪದವಿ ಪಡೆದ, ಸಂಬಳ ತಿನ್ನುವ ಮೂವರು ಗಂಡಸರು, ಎಸೆಯುವ ಆಟಕ್ಕೆ ಬಂದವನನ್ನು ಎಸೆಯುತ್ತಾನೆ ಎಂದು ಹೊಡೆದುಹಾಕಿದೆವು. ಆಮೇಲೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದೆವು.

ಇಷ್ಟೇ ಆಗಿದ್ದರೆ ಇದು ಮೂರ್ಖರ ಕಥೆ, ಹೇಳಿ ನಗಬಹುದಿತ್ತು. ಆದರೆ ನೀನು ಹೋಟೆಲಿನ ಹೊರಗೆ ಕಾಯುತ್ತಿದ್ದೆ. ಆ ಹಾಳೆ ಇಟ್ಟ ಲಕೋಟೆ ನನ್ನ ಕೈಯಲ್ಲಿತ್ತು, ಇನ್ನೂ ಅಂಟಿಸಿರಲಿಲ್ಲ.

"ಸಾರ್, ಇದು ಬೌಲಿಂಗ್ ಅಲ್ವಲ್ಲ ಸಾರ್. ಕೈ ಮಡಿಸ್ದೆ ಹೆಂಗ್ ಎಸೆಯೋದು? ಬೇಕಾದ್ರೆ ಫೋನಲ್ಲಿ ತೋರಿಸ್ತೀನಿ."

"ನಂಗೇ ಹೇಳ್ಕೊಡ್ತೀಯೇನೋ?"

"ಹಂಗಲ್ಲ ಸಾರ್. ಕ್ಯಾಂಪಿಗೆ ಹೋದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಬಿ.ಪಿ.ಎಡ್ ಸೀಟ್ ಕೇಳ್ಬೋದು. ನಂಗೂ ಪಿ.ಟಿ. ಮೇಷ್ಟ್ರಾಗ್ಬೇಕು ಅಂತ. ಈ ವರ್ಷ ಬಿಟ್ರೆ ವಯಸ್ಸಾಗೋಯ್ತದೆ."

ನೀನು ಆಗಬೇಕೆಂದಿದ್ದದ್ದು ನನ್ನಂಥವನು. ಅದೇ ನನ್ನನ್ನು ಕೆರಳಿಸಿತೇನೋ — ಅಥವಾ ನೀನು ಹೇಳುತ್ತಿರುವುದು ಸರಿ ಎಂದು ಆ ಕ್ಷಣವೇ ನನಗೆ ಹೊಳೆದದ್ದು. ಹೊಳೆಯಿತು, ಇದರಲ್ಲಿ ನೆನಪು ನನಗೆ ಮೋಸ ಮಾಡುತ್ತಿಲ್ಲ. ಲಕೋಟೆಯ ಅಂಚನ್ನು ನಾಲಿಗೆಗೆ ತಾಗಿಸಿ, ನಿನ್ನ ಎದುರೇ ಅಂಟಿಸಿದೆ.

ನಿನಗೆ ಗೊತ್ತಿಲ್ಲದ ಅರ್ಧ ಇಲ್ಲಿಂದ. ಗಿರೀಶ ಶಿಬಿರಕ್ಕೆ ಹೋದ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಲ್ಲಿಯ ಕೋಚ್ ಮೇಡಂ ಫೋನು ಮಾಡಿದರು. ಸಮಾಧಾನದ ದನಿ.

"ಸರ್, ಗಿರೀಶ್ ಒಳ್ಳೆ ಹುಡುಗ. ಆದ್ರೆ ಕೈ ನೆಟ್ಟಗಿಟ್ಕೊಂಡು ಎಸೀತಾನೆ. ಮಡಚೋ ಅಂದ್ರೆ ನಮ್ ಸರ್ ಬೈತಾರೆ ಅಂತಾನೆ. ನಿಮ್ ಕಡೆ ವೇಗ ಇರೋರು ಬೇರೆ ಯಾರಾದ್ರೂ ಇದ್ರೆ ನಾಳೆ ಸಂಜೆಯೊಳಗೆ ಕಳ್ಸಿ. ಒಂದು ಜಾಗ ಹಾಗೇ ಇಟ್ಟಿರ್ತೀನಿ."

ಯಾರೂ ಇಲ್ಲ ಮೇಡಂ, ಎಂದೆ.

ನಿನ್ನ ಹೆಸರು ಹೇಳಿದ್ದರೆ, ಆರಿಸಿದ ದಿನ ಇವನನ್ನು ಯಾಕೆ ಬಿಟ್ಟಿರಿ ಎಂದು ಅವರು ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಅಷ್ಟು ಸಣ್ಣ ಕಾರಣ. ಗಿರೀಶ ನನ್ನ ಶಿಷ್ಯ ಎಂಬುದೂ ಸೇರಿಕೊಂಡಿತ್ತೇ? ನಿನ್ನ ಹೆಸರು ನಯಾಜ್ ಅಲ್ಲದೆ ಬೇರೆ ಏನೋ ಆಗಿದ್ದರೆ ಹೇಳಿಬಿಡುತ್ತಿದ್ದೆನೇ? ಈ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಪ್ರತಿ ಸಲವೂ ಉತ್ತರ ಬರುವ ಮುಂಚೆ ಎದ್ದು ಹೋಗಿದ್ದೇನೆ. ಎದ್ದು ಹೋಗುತ್ತಿರುವುದೇ ಉತ್ತರವಿರಬಹುದು.

ಮಾರನೆಯ ಸಂಜೆ ಕಳೆಯಿತು. ಶಿಬಿರದ ಆ ಜಾಗ ಬೇರೆ ಜಿಲ್ಲೆಗೆ ಹೋಯಿತು. ಗಿರೀಶ ಹಿಂದಿರುಗಿ ಬಂದ. ರಂಗಸ್ವಾಮಿ, "ಅವ್ರಿಗೇನ್ ಗೊತ್ತು ಬುಡು" ಎಂದರು. ನಾನು ತಲೆಯಾಡಿಸಿದೆ.

ಎರಡು ವರ್ಷದ ಮೇಲೆ ನಮ್ಮ ಮನೆಗೆ ಹಾಸಿಗೆ ಹೊಲಿಸಿದೆವು. ಹೊತ್ತು ತಂದವನು ನೀನು. ಮಹಡಿ ಹತ್ತಿಸಿ, ಮಂಚದ ಮೇಲೆ ಹಾಸಿ, ಮೂಲೆಗಳನ್ನು ತಟ್ಟಿದೆ. ನನ್ನ ಹೆಂಡತಿ ಕೊಟ್ಟ ನೀರು ಕುಡಿದೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದೆ:

"ಸಾರ್, ಮತ್ತೆ ಟ್ರಯಲ್ಸ್ ಇದ್ರೆ ನಮ್ ತಮ್ಮಂಗೆ ಹೇಳ್ತೀರಾ? ಅವ್ನು ಕೈ ಮಡಿಸಲ್ಲ. ನಾನೇ ನಿಂತು ನೆಟ್ಟಗೆ ಮಾಡ್ಸಿದೀನಿ."

ನನ್ನನ್ನು ನಂಬಿ ಹೇಳಿದೆಯೋ, ಇಷ್ಟು ದಿನ ಕಾದು ಮುಖಕ್ಕೆ ಬಾರಿಸಿದೆಯೋ — ನಿನ್ನ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ನಿನ್ನ ಚಪ್ಪಲಿ ನೋಡುತ್ತಿದ್ದೆ. ಮಡಿಸಲಿ ಬಿಡು, ಮಡಿಸುವುದೇ ಸರಿ ಎಂದು ಆಗಲಾದರೂ ಹೇಳಬಹುದಿತ್ತು. ಆಯ್ತು, ಹೇಳ್ತೀನಿ ಎಂದೆ.

ಇಲ್ಲಿಗೆ ಬಂದಾಗ, ನೀನು ದೊಡ್ಡ ಪಿಚರ್ ಆಗುತ್ತಿದ್ದೆ ಎಂದು ಬರೆದು ಮುಗಿಸಬೇಕು ಅನ್ನಿಸುತ್ತದೆ. ಹಾಗೆ ಬರೆದರೆ ನನ್ನ ತಪ್ಪಿಗೂ ಒಂದು ಎತ್ತರ ಬರುತ್ತದೆ. ಪ್ರತಿಭೆಯನ್ನು ಕೊಂದವನು ಎಂದು ನಾನೂ ದೊಡ್ಡವನಾಗುತ್ತೇನೆ. ಆ ಅನುಕೂಲ ನನಗೆ ಬೇಡ. ಆ ಬೆಳಿಗ್ಗೆ ನಿನ್ನ ಎದುರು ಬ್ಯಾಟು ಹಿಡಿದ ಒಬ್ಬನನ್ನೂ ನಾವು ನಿಲ್ಲಿಸಲಿಲ್ಲ. ಖಾಲಿ ಗಾಳಿಗೆ ಎಸೆಯಿಸಿ, ಖಾಲಿ ಗಾಳಿಯನ್ನು ನೋಡಿ ತೀರ್ಪು ಬರೆದೆವು. ಯಾರಾದರೂ ನಿಂತಿದ್ದರೆ ನಿನ್ನ ಚೆಂಡನ್ನು ಹೊಡೆಯುತ್ತಿದ್ದರೋ, ಹೆದರಿ ಹಿಂದೆ ಸರಿಯುತ್ತಿದ್ದರೋ, ನನಗೆ ಗೊತ್ತಿಲ್ಲ. ನಿನಗೂ ಗೊತ್ತಾಗದ ಹಾಗೆ ಮಾಡಿದೆ. ನೀನು ಎಷ್ಟು ಒಳ್ಳೆಯ ಪಿಚರ್ ಎಂಬುದು ಯಾರಿಗೂ ಗೊತ್ತಿಲ್ಲ.