ಜೇಬಿನ ಅಳತೆ

ಮದುವೆಗಳಲ್ಲಿ ಇಟ್ಟಿಗೆಯಂಥ ಡಿಎಸ್‌ಎಲ್‌ಆರ್ ಕ್ಯಾಮೆರಾ ಹೊತ್ತು ಹೊತ್ತು ಕುತ್ತಿಗೆ ಬಗ್ಗಿಹೋದ ನಮ್ಮ ಬೀದಿಯ ಫೋಟೋದಣ್ಣ ಶನಿವಾರ ಬಂತೆಂದರೆ ಕ್ಯಾಮೆರಾ ಅಂಗಡಿಯಲ್ಲಿ ಹಾಜರು. ಗಾಜಿನ ಕಪಾಟಿನ ಪುಟ್ಟ ಕ್ಯಾಮೆರಾಗಳನ್ನು ಒಂದೊಂದಾಗಿ ತೆಗೆಸುತ್ತಾನೆ. ಲೆನ್ಸು, ಜೂಮು ಯಾವುದನ್ನೂ ವಿಚಾರಿಸುವುದಿಲ್ಲ; ಅಂಗಿಯ ಜೇಬಿಗೆ ಇಳಿಬಿಟ್ಟು ಬಗ್ಗುತ್ತಾನೆ, ಏಳುತ್ತಾನೆ, ಕನ್ನಡಿ ನೋಡಿಕೊಂಡು "ಉಬ್ಬು ಕಾಣುತ್ತಲ್ಲಪ್ಪಾ" ಎಂದು ವಾಪಸು ಕೊಡುತ್ತಾನೆ. "ಅಣ್ಣಾ, ನೀವು ಕ್ಯಾಮೆರಾ ತಗೊಳ್ಳೋಕೆ ಬರ್ತೀರೋ, ಅಂಗಿ ಹೊಲಿಸೋಕೋ?" ಎಂದು ಅಂಗಡಿಯವನು ಛೇಡಿಸುತ್ತಾನೆ. ಅಂಗಿಯೇನೋ ಹೊಲಿಸಿಯಾಗಿದೆ, ಇನ್ನೂ ಕೊಳ್ಳದ ಕ್ಯಾಮೆರಾಕ್ಕೆಂದು ಆಳವಾದ ಜೇಬು ಇಡಿಸಿದ ಅಂಗಿಗಳೇ ಆರು ಇವೆ. "ಫೋನಲ್ಲೇ ತೆಗೀಬಾರ್ದಾ?" ಎಂದು ಯಾರಾದರೂ ಕೇಳಿದರೆ, "ಫೋನು ಎತ್ತಿದ್ರೂ ಅವಳಿಗೆ ಗೊತ್ತಾಗಿಬಿಡುತ್ತೆ" ಎನ್ನುತ್ತಾನೆ. ಅವಳೆಂದರೆ ಹೆಂಡತಿ. ಅಡುಗೆಮನೆಯಲ್ಲಿ ತಂಗಿಯೊಡನೆ ಹರಟುತ್ತಾ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಿರುವವಳು, ಇವನು ಬ್ಯಾಗಿನ ಜಿಪ್ಪು ಎಳೆದ ಸದ್ದಿಗೇ ಬಾಯಿ ಮುಚ್ಚಿ, ಕೂದಲು ಸವರಿ, ಗುರುತಿನ ಚೀಟಿಗೆ ಕೂತವಳಂತೆ ಬಿಗಿಯಾಗಿ, "ಹೂಂ, ತೆಗೀರಿ" ಎನ್ನುತ್ತಾಳೆ. ಇಪ್ಪತ್ತೆರಡು ವರ್ಷಗಳಿಂದ ಊರವರ ನಗುವನ್ನೆಲ್ಲ ಹಿಡಿದುಕೊಟ್ಟವನು ಆಗ ಒಂದು ಫೋಟೋ ತೆಗೆದು, "ಚೆನ್ನಾಗಿ ಬಂತು" ಎಂದು ಹೊರಗೆ ಬರುತ್ತಾನೆ. ಅವನು ಬೆನ್ನು ತಿರುಗಿಸಿದೊಡನೆ ಒಳಗೆ ಆ ನಗು ಮತ್ತೆ ಶುರುವಾಗುತ್ತದೆ. ಅವನ ಕೈ ತಾನಾಗಿಯೇ ಖಾಲಿ ಜೇಬಿಗೆ ಹೋಗುತ್ತದೆ.