ಪೆಡಲ್ ಮೇಲೆ ಕಲಿತ ಸ್ಪ್ಯಾನಿಷ್

ಕೋಟು ಹೊಲಿಯುವುದರಲ್ಲಿ ಟೈಲರಕ್ಕನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಅವಳ ಕಣ್ಣು ಬೇರೊಂದು ಕೆಲಸದ ಮೇಲೆ ಬಿತ್ತು. ಊರಿಗೆ ಹೊಸದಾಗಿ ಬಂದ, ಸ್ಪ್ಯಾನಿಷ್ ಮಾತ್ರ ಬಲ್ಲ ಹೆಂಗಸರಿಗೆ ಹೊಲಿಗೆ ಕಲಿಸುವ ಕೆಲಸ ಅದು. ಅದಕ್ಕೆ ಸ್ಪ್ಯಾನಿಷ್ ಮೌಖಿಕ ಪರೀಕ್ಷೆ ಪಾಸಾಗಬೇಕಿತ್ತು. ಒಮ್ಮೆ ಕೂತು ಡುಮ್ಕಿ ಹೊಡೆದಾಗಿತ್ತು. ಕ್ರಿಯಾಪದಗಳನ್ನೆಲ್ಲ ಎಲ್ಲೂ ಒತ್ತು ಕೊಡದೆ, ಇಸ್ತ್ರಿ ಹಾಕಿದ ಹಾಗೆ ಚಪ್ಪಟೆಯಾಗಿ ಹೇಳಿ ಬಂದಿದ್ದಳು.

ಎರಡನೆಯ ಸಲಕ್ಕೆ ಹೊಲಿಗೆ ಮಿಷನ್ನನ್ನೇ ಗುರು ಮಾಡಿಕೊಂಡಳು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಪದ ಬರೆದು, ಬಟ್ಟೆ ಕತ್ತರಿಸುವಂತೆ ತುಂಡು ಮಾಡುವಳು. ‘ಹೊಲಿಯುತ್ತಿದ್ದಳು’ ಎನ್ನಲು ಕೊ-ಸೀ-ಆ: ಮೂರು ತುಂಡು, ನಡುವಿನದಕ್ಕೆ ಒತ್ತು. ‘ಹೊಲಿದಳು’ ಎನ್ನಲು ಕೊ-ಸ್ಯೋ: ಎರಡೇ ತುಂಡು, ಒತ್ತು ಕೊನೆಗೆ. ಒತ್ತು ಬಂದಲ್ಲೆಲ್ಲ ಬಲಗಾಲು ಪೆಡಲ್ ತುಳಿಯುತ್ತಿತ್ತು, ಸೂಜಿ ಓಡುತ್ತಿತ್ತು. ಒಂದು ಮಧ್ಯಾಹ್ನ ಅದೇ ಭರದಲ್ಲಿ ಗಂಡನ ಪ್ಯಾಂಟಿನ ಎರಡೂ ಜೇಬಿನ ಬಾಯಿ ಹೊಲಿದುಹೋಯಿತು.

“ಇನ್ಮೇಲೆ ನಾನು ಕೈ ಎಲ್ಲಿಟ್ಕೊಳ್ಳೋದು?” ಎಂದ ಗಂಡ.

“ಕೆಲಸದಲ್ಲಿಟ್ಕೊಳ್ಳಿ.”

ಪರೀಕ್ಷೆಯ ಕೋಣೆಯಲ್ಲಿ ಕುರ್ಚಿ ಎತ್ತರದ್ದು. ಗಿಡ್ಡ ಮೈಯ ಟೈಲರಕ್ಕನ ಕಾಲು ಗಾಳಿಯಲ್ಲಿ ತೂಗಾಡಿತು. ಬಾಯಿಂದ ಬಂದ ಮೊದಲ ಪದ ಮತ್ತೆ ಚಪ್ಪಟೆ. ಹೋದ ಸಲ ಕೊನೆಯವರೆಗೂ ಹೀಗೇ ಹೇಳಿ ಬಂದಿದ್ದಳು.

“ಮೇಡಂ, ಕಾಲು ನೆಲಕ್ಕೆ ಎಟುಕ್ತಿಲ್ಲ. ನಿಂತು ಹೇಳ್ತೀನಿ.”

“ನಾಲಿಗೆಗೂ ಕಾಲಿಗೂ ಏನ್ರೀ ನಂಟು?” ಎಂದಳು ಪರೀಕ್ಷಕಿ.

“ಕೇಳಿ, ನಿಮಗೇ ಗೊತ್ತಾಗುತ್ತೆ.”

ಹಿಮ್ಮಡಿ ನೆಲ ಮುಟ್ಟಿದ್ದೇ ತಡ, ಬಲಗಾಲು ಪೆಡಲ್ ತುಳಿದಂತೆ ತಾಳ ಹಾಕಿತು, ಪದಗಳು ಒಂದರ ಹಿಂದೊಂದು ತಂತಮ್ಮ ಜಾಗದಲ್ಲಿ ಏರಿ ಇಳಿದವು.

“ಸರಿ. ಈಗ ಕಾಲು ಅಲ್ಲಾಡಿಸದೆ ಮಾತಾಡಿ. ಏನಾದ್ರೂ ಕಲಿಸಿ ನನಗೆ.”

ಟೈಲರಕ್ಕ ಹಿಮ್ಮಡಿಯನ್ನು ನೆಲಕ್ಕೆ ಊರಿದಳು. ಕಲಿಯಲು ಬಂದವರು ತನ್ನ ಕಾಲನ್ನು ನೋಡುತ್ತಾ ಕೂರುವುದಿಲ್ಲ, ಬಾಯಿಯನ್ನೇ ನೋಡುತ್ತಾರೆ. ಪರೀಕ್ಷಕಿಯ ಕಾಲರಿನ ಮೇಲೆ ಬೆರಳಿಟ್ಟು, ಅದನ್ನು ಹೇಗೆ ಕತ್ತರಿಸಿದ್ದಾರೆ, ಎಲ್ಲಿ ತಪ್ಪಿದ್ದಾರೆ, ತಾನಾದರೆ ಹೇಗೆ ಹೊಲಿಯುವೆನೆಂದು ಸ್ಪ್ಯಾನಿಷ್‌ನಲ್ಲೇ ಹೇಳಿದಳು. ಒಂದು ಪದ ಎಡವಿತು. ಮಾತು ನಿಲ್ಲಿಸಿ, ಅದನ್ನು ಬಿಡಿಸಿ, ಸರಿಯಾಗಿ ಮತ್ತೆ ಹೇಳಿದಳು. ಕ್ಷಮೆ ಕೇಳಲು ಹೋಗಲಿಲ್ಲ. ಹಿಮ್ಮಡಿ ಕದಲಿರಲಿಲ್ಲ.

ಪರೀಕ್ಷಕಿ ತನ್ನ ಕಾಲರು ಮುಟ್ಟಿ ನೋಡಿಕೊಂಡು, ಹಾಳೆಗೆ ಸಹಿ ಹಾಕಿದಳು.

“ಸೋಮವಾರದಿಂದ ಕಲಿಸೋಕೆ ಬರ್ತೀರಾ?”

“ಆರು ಕೋಟು ಒಪ್ಕೊಂಡಿದ್ದೀನಿ ಮೇಡಂ. ಗುರುವಾರ ಬರ್ತೀನಿ.”