ತಪ್ಪು ಯಾರದೆಂದು ಕೇಳದ ಪರಿಹಾರ

ನನ್ನ ಅಕ್ಕ ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಗಣಿತದ ಟೀಚರ್. ಹೋದ ವರ್ಷ ಒಂದು ಸಂಜೆ ಶಾಲೆ ಮುಗಿಸಿ ರಸ್ತೆ ದಾಟುವಾಗ ಕಾರು ಬಡಿದು ಅವಳ ತೊಡೆಯ ಮೂಳೆ ಮುರಿಯಿತು. ಕಾರು ಓಡಿಸುತ್ತಿದ್ದ ಮಾಲೀಕ ಬಸವನಗುಡಿಯವನು, ನಿವೃತ್ತ ಅಧಿಕಾರಿ. ಒಂದು ಚೀಲ ಸೇಬು ಹಿಡಿದು ಆಸ್ಪತ್ರೆಗೆ ಬಂದವನು ಮಂಚದ ಪಕ್ಕ ನಿಂತೇ, "ನೀವು ನೋಡ್ದೆ ದಾಟಿದ್ರಿ ಮೇಡಂ. ಅಷ್ಟು ಒಪ್ಕೊಂಡ್ಬಿಡಿ, ಸಾಕು" ಎಂದ. ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದ ಹೆಂಗಸಿಗೆ ಹೇಳುವ ಮಾತು ಇದು.

ಭಾವ ರೇಗಿ, ಆತನ ತಪ್ಪನ್ನು ಕೋರ್ಟಿನಲ್ಲಿ ಸಾಬೀತು ಮಾಡಿಯೇ ತೀರುತ್ತೇನೆಂದು ಹೊರಟರು. ಅಪಘಾತದ ದಿನ ಗುಂಪುಗೂಡಿ ತಪ್ಪು ಕಾರಿನವನದೇ ಎಂದು ತೀರ್ಪು ಕೊಟ್ಟಿದ್ದ ಅಂಗಡಿಯವರು, ಸಾಕ್ಷಿ ಹೇಳಿ ಎಂದ ಕೂಡಲೇ ತಾವು ಏನೂ ನೋಡಿಲ್ಲ ಎಂದುಬಿಟ್ಟರು. ಆಗ ಪರಿಚಯದ ವಕೀಲರೊಬ್ಬರು ಇನ್ನೊಂದು ದಾರಿ ಹೇಳಿದರು. ಅಪಘಾತದಲ್ಲಿ ಯಾರಾದರೂ ಸತ್ತರೆ ಅಥವಾ ಇಂಥ ದೊಡ್ಡ ಪೆಟ್ಟಾದರೆ, ತಪ್ಪು ಯಾರದೆಂದು ಸಾಬೀತು ಮಾಡದೆಯೇ ಕಾರಿನ ವಿಮಾ ಕಂಪನಿಯಿಂದ ಪರಿಹಾರ ಕೇಳಬಹುದು. ಕಾನೂನು ಗೊತ್ತುಮಾಡಿದಷ್ಟೇ ಸಿಗುತ್ತದೆ. ಆಮೇಲೆ ಹೆಚ್ಚು ಬೇಕೆಂದು ಮತ್ತೊಂದು ಅರ್ಜಿ ಹಾಕುವಂತಿಲ್ಲ. ವರ್ಷಗಟ್ಟಲೆ ಅಲೆಯುವ ಶಕ್ತಿ ತನಗಿಲ್ಲವೆಂದು ಅಕ್ಕ ಅದನ್ನೇ ಆರಿಸಿಕೊಂಡಳು.

ಹೀಗಾಗಿ ಆ ಕಾರಿನ ಮಹಾಶಯನ ಜೇಬಿನಿಂದ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಕೋರ್ಟಿಗೆ ಬರುವ ಅಗತ್ಯವೂ ಇರಲಿಲ್ಲ. ಆದರೂ ವಿಚಾರಣೆಯ ದಿನ ಕೋಟು ಹಾಕಿಕೊಂಡು ಹಾಜರಾದ. ವಿಮಾ ಕಂಪನಿಯ ವಕೀಲನೇ ತೋಳು ಹಿಡಿದು ಎಳೆದರೂ ಬಿಡದೆ, ಎದ್ದು ನಿಂತು ಅಕ್ಕ ಹೇಗೆ ಅಡ್ಡ ಬಂದಳೆಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ನ್ಯಾಯಾಧೀಶರು ಫೈಲಿನಿಂದ ತಲೆ ಎತ್ತಲೂ ಇಲ್ಲ.

"ಅದು ಇಲ್ಲಿ ಬೇಕಾಗಿಲ್ಲ. ಕೂತ್ಕೊಳ್ಳಿ."

ಹೊರಗೆ ಕೋರ್ಟಿನ ಮೆಟ್ಟಿಲ ಹತ್ತಿರ ಆತ ಮತ್ತೆ ಅಕ್ಕನ ಬೆನ್ನು ಹತ್ತಿದ. ಹಣ ಬೇಕಾದರೆ ತೆಗೆದುಕೊಳ್ಳಲಿ, ಆದರೆ ತಪ್ಪು ಕಾರಿನವನದಲ್ಲವೆಂದು ಅವಳು ಒಂದು ಮಾತು ಹೇಳಿಬಿಡಲಿ ಎಂದು ಅವನ ವರಾತ. ಅಕ್ಕ ಊರುಗೋಲನ್ನು ಅವನ ಕೈಗೆ ಕೊಟ್ಟು, ಗೋಡೆಗೊರಗಿ ಸೀರೆಯ ನೆರಿಗೆ ಸರಿಮಾಡಿಕೊಂಡಳು.

"ನನ್ ಕಾಲು ಹೇಗಿದೆ ಅಂತ ಇವತ್ತಿನವರೆಗೂ ನೀವು ಕೇಳ್ಲೇ ಇಲ್ವಲ್ಲ ಸಾರ್" ಎಂದು ಕೋಲು ಇಸಿದುಕೊಂಡಳು. ಅವನು ಗಡಿಯಾರ ನೋಡಿಕೊಂಡ.

ಪರಿಹಾರ ಬಂತು. ಅಕ್ಕ ಸ್ವಲ್ಪ ಕುಂಟುತ್ತಲೇ ಪಾಠಕ್ಕೆ ಹೋಗುತ್ತಾಳೆ. ಆತ ಮಾತ್ರ ಬೆಳಗಿನ ವಾಕಿಂಗಿನ ಗೆಳೆಯರ ಮುಂದೆ, ಪಾಪ, ಬಡ ಟೀಚರ್ ಒಬ್ಬಳಿಗೆ ತಾನೇ ಮುಂದೆ ನಿಂತು ದುಡ್ಡು ಕೊಡಿಸಿದೆ ಎಂದು ಹೇಳಿಕೊಳ್ಳುತ್ತಾನಂತೆ.